ಕಾಫಿ ಕುಡಿದರೆ ಮುಂಗೋಪ, ಕಷಾಯ ಕುಡಿದರೆ ತಾಳ್ಮೆ: ಇದರಲ್ಲಿ ನಿಜವೆಷ್ಟು?

ಓದುಗರ ಪ್ರಶ್ನೆ

“ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ ನಮ್ಮದು. ಮಾವನವರಿಗೆ 71 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ. ದಿನಕ್ಕೆ ಆರು ಲೋಟ ಕಾಫಿ ಆಗಲೇಬೇಕು. ಬೆಳಿಗ್ಗೆ ಮೊದಲ ಲೋಟ ಕೈಗೆ ಬರುವ ತನಕ ಅವರನ್ನು ಮಾತಾಡಿಸುವ ಹಾಗಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. ಅತ್ತೆ ಹತ್ತು ವರ್ಷದ ಹಿಂದೆ ಕಾಫಿ ಬಿಟ್ಟು ಕಷಾಯ ಹಿಡಿದವರು, ತುಂಬ ಸಮಾಧಾನದವರು. ಮಗ ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ, ರಾತ್ರಿ ಓದೋಕೆ ಅಂತ ಕಾಫಿ ಶುರು ಮಾಡಿದ್ದಾನೆ. ಬಸುರಿ ನಾದಿನಿ ಮನೆಗೆ ಬಂದಿದ್ದಾಳೆ, ಅವಳಿಗೂ ಕಾಫಿ ಬೇಕು. ನಮ್ಮ ಭಾವ ಹೇಳೋದು: ಚಹಾ ಕುಡಿದೇ ಇಂಗ್ಲಿಷರು ತಣ್ಣಗಿರೋದು, ಕಾಫಿಯಿಂದಲೇ ಇಟಲಿಯವರು ಕೂಗಾಡೋದು, ವೋಡ್ಕಾದಿಂದ ರಷ್ಯದವರು ಒರಟು, ಕಷಾಯ ಬಿಟ್ಟ ಮೇಲೆ ಮಲೆನಾಡಿನವರ ತಾಳ್ಮೆಯೂ ಹೋಯ್ತು ಅಂತ. ಅಡಿಕೆ ಕೊಯ್ಲು ಶುರುವಾಗೋದರೊಳಗೆ ಮನೆಯಲ್ಲಿ ಕಾಫಿ ಪುಡಿಯೇ ಇಲ್ಲದ ಹಾಗೆ ಮಾಡೋಣ, ಎಲ್ಲರಿಗೂ ಕಷಾಯ, ಆಗದಿದ್ದರೆ ಚಹಾ ಅಂತಾರೆ. ಇದು ನಿಜವೇ? ಒಮ್ಮೆಲೇ ನಿಲ್ಲಿಸಬಹುದೇ? ನಾವು ಪುಡಿ ಮಾಡಿಸೋದು ರೋಬಸ್ಟಾ ಬೀಜ, ಎಪ್ಪತ್ತಕ್ಕೆ ಮೂವತ್ತು ಚಿಕೋರಿ. ಒಂದು ಫಿಲ್ಟರಿಗೆ 40 ಗ್ರಾಂ ಹಾಕಿದರೆ ಆರು ಲೋಟ ಆಗುತ್ತೆ.”

ಉತ್ತರ

ಅವಸರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾಫಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದರೆ ನಿಮ್ಮ ಮಾವನವರ ಸಿಟ್ಟು ಮೊದಲ ವಾರ ಹೆಚ್ಚುತ್ತದೆ, ಜೊತೆಗೆ ತಲೆನೋವು ಹಿಡಿಯುತ್ತದೆ. “ನೋಡಿ, ಕಾಫಿ ಇಲ್ಲದೆ ಆಗೋದೇ ಇಲ್ಲ” ಎಂದು ಎಲ್ಲರೂ ಹಳೇ ದಾರಿಗೆ ಮರಳುತ್ತೀರಿ. ಹಾಗಾಗದಂತೆ ಕಡಿಮೆ ಮಾಡುವ ಕ್ರಮವಿದೆ, ಮುಂದೆ ಲೆಕ್ಕದ ಸಮೇತ ಬರೆದಿದ್ದೇನೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಂದು ನಾಡಿನ ಸ್ವಭಾವದ್ದು, ಇನ್ನೊಂದು ಮಾವನವರ ಬೆಳಗಿನ ಸಿಟ್ಟಿನದು. ಭಾವನವರು ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಹಚ್ಚಿದ್ದಾರೆ. ಮೊದಲನೆಯದು ಬಹುಪಾಲು ನಿಲ್ಲದ ಮಾತು. ಎರಡನೆಯದರಲ್ಲಿ ಮಾತ್ರ ಕಾಫಿಯ ಕೈವಾಡ ಸಾಕಷ್ಟಿದೆ.

ನಾಡಿಗೊಂದು ಪಾನೀಯ ಹೇಗೆ ಬಂತು

ಇಂಗ್ಲಿಷರಿಂದಲೇ ಶುರು ಮಾಡೋಣ. ಅವರು ಚಹಾದ ಜನ ಆಗುವ ಮೊದಲು ಕಾಫಿಯ ಜನ ಆಗಿದ್ದರು. ಲಂಡನ್ನಿನ ಮೊದಲ ಕಾಫಿ ಅಂಗಡಿ ತೆರೆದದ್ದು 1652ರಲ್ಲಿ. ಕಾಲು ಶತಮಾನ ಕಳೆಯುವುದರೊಳಗೆ ಅಂಥ ಅಂಗಡಿಗಳಲ್ಲಿ ರಾಜಕೀಯದ ಮಾತು ಎಷ್ಟು ಜೋರಾಯಿತೆಂದರೆ, ಎರಡನೇ ಚಾರ್ಲ್ಸ್ ದೊರೆ 1675ರ ಡಿಸೆಂಬರಿನಲ್ಲಿ ಕಾಫಿ ಅಂಗಡಿಗಳನ್ನೇ ಮುಚ್ಚಿಸುವ ಆಜ್ಞೆ ಹೊರಡಿಸಿದ. ಜನ ಎದುರು ನಿಂತರು, ಎರಡು ವಾರದೊಳಗೆ ಆಜ್ಞೆ ವಾಪಸಾಯಿತು. ಆಗಿನ ಆಡಳಿತದ ಕಣ್ಣಿನಲ್ಲಿ ಇಂಗ್ಲಿಷರು ಕಾಫಿ ಕುಡಿದು ದಂಗೆಯ ಮಾತಾಡುವ ಜನ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಚೀನಾದಿಂದ ಚಹಾ ಹೊತ್ತು ತರತೊಡಗಿದವು. 1784ರಲ್ಲಿ ಚಹಾದ ಮೇಲಿನ ಸುಂಕವನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿದರು. ಕಳ್ಳಸಾಗಣೆ ನಿಂತು, ಚಹಾ ಬಡವರ ಮನೆಗೂ ಬಂತು. 19ನೇ ಶತಮಾನದಲ್ಲಿ ಮದ್ಯಪಾನ ವಿರೋಧಿ ಸಂಘಗಳು ಹೆಂಡದ ಬದಲು ಚಹಾ ಕುಡಿಯಿರಿ ಎಂದು ಊರೂರಿನಲ್ಲಿ ಚಹಾಕೂಟ ನಡೆಸಿದವು. ಚಹಾ ಮತ್ತು ಸಂಯಮ ಜನರ ಮನಸ್ಸಿನಲ್ಲಿ ಜೋಡಿಯಾದುದಕ್ಕೆ ಈ ಪ್ರಚಾರವೂ ಒಂದು ಕಾರಣ.

ಪಕ್ಕದ ಶ್ರೀಲಂಕಾದ ಕಥೆ ನಮ್ಮ ಕಡೆಯ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿನ ಗುಡ್ಡಗಳಲ್ಲಿ ಇದ್ದದ್ದು ಕಾಫಿ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರಿ ಗಿಡ ಬರಡು. ನಮ್ಮ ಅರೇಬಿಕಾ ಜಾತಿಯ ಕಾಫಿಗೆ ಇವತ್ತಿಗೂ ಅಂಟುವ ರೋಗ ಅದೇ. ಮೂರು ದಶಕ ಕಳೆಯುವಷ್ಟರಲ್ಲಿ ಅಲ್ಲಿ ಕಾಫಿ ಹೋಗಿ ಚಹಾ ಬಂದಿತ್ತು. ಒಂದು ಶಿಲೀಂಧ್ರ ಇಡೀ ದ್ವೀಪದ ಪಾನೀಯವನ್ನು ಬದಲಿಸಿತು. ಅಲ್ಲಿನ ಜನರ ಸ್ವಭಾವವೂ ಅದರ ಜೊತೆಗೇ ಬದಲಾಯಿತು ಎಂದು ಯಾರೂ ಹೇಳಿಲ್ಲ. ಟರ್ಕಿಯೂ ಹಾಗೆಯೇ. ಜಗತ್ತಿಗೆ ಕಾಫಿಯ ರುಚಿ ಹಚ್ಚಿದ ನಾಡು ಅದು. ಮೊದಲ ಮಹಾಯುದ್ಧದಲ್ಲಿ ಯೆಮನ್ ಕೈತಪ್ಪಿ ಕಾಫಿ ದುಬಾರಿಯಾದ ಮೇಲೆ ಕಪ್ಪುಸಮುದ್ರದ ದಡದ ರೀಜೆಯಲ್ಲಿ ಸರ್ಕಾರವೇ ಚಹಾ ಬೆಳೆಸಿತು. ಇಂದು ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯುವವರು ಅವರು.

ಇನ್ನು ಇಟಲಿ. ಅಲ್ಲಿ ಒಬ್ಬರಿಗೆ ವರ್ಷಕ್ಕೆ ಐದಾರು ಕಿಲೋ ಕಾಫಿ ಬೀಳುತ್ತದೆ. ಫಿನ್ಲೆಂಡಿನಲ್ಲಿ ಅದರ ಎರಡು ಪಟ್ಟು, ಹತ್ತರಿಂದ ಹನ್ನೆರಡು ಕಿಲೋ. ಕಾಫಿಯಿಂದ ಕೂಗಾಟ ಬರುವುದಾದರೆ ಭೂಮಿಯ ಮೇಲೆ ಫಿನ್ನರಷ್ಟು ಗದ್ದಲದವರು ಇರಬಾರದಿತ್ತು. ಅವರು ಹೆಸರಾಗಿರುವುದು ಮಾತು ಕಡಿಮೆ ಎಂಬುದಕ್ಕೆ. ಭಾರತದಲ್ಲಿ ಈ ಲೆಕ್ಕ ತಲೆಗೆ ನೂರು ಗ್ರಾಂ ಕೂಡ ಮುಟ್ಟುವುದಿಲ್ಲ. ನಾವು ಬೆಳೆಯುವ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ.

ರಷ್ಯದ ವಿಷಯ ಬೇರೆ, ಯಾಕೆಂದರೆ ಅಲ್ಲಿ ಮಾತು ಬಂದಿರುವುದು ಮದ್ಯದ ಬಗ್ಗೆ. ಮದ್ಯ ಹಿಡಿತ ತಪ್ಪಿಸುತ್ತದೆ, ಮನೆ ಒಡೆಯುತ್ತದೆ, ಆಯುಸ್ಸು ಕಡಿಮೆ ಮಾಡುತ್ತದೆ. ಇದರಲ್ಲಿ ಅನುಮಾನ ಬೇಡ. ಆದರೆ ಅದು ರಷ್ಯನ್ನರ ಹುಟ್ಟುಗುಣವಲ್ಲ. ಕನಿಷ್ಠ ಬೆಲೆ ಗೊತ್ತುಮಾಡಿ, ತೆರಿಗೆ ಏರಿಸಿ, ರಾತ್ರಿ ಮಾರಾಟ ನಿಲ್ಲಿಸಿದ ಮೇಲೆ 2003ರಿಂದ 2016ರೊಳಗೆ ಅಲ್ಲಿ ತಲಾ ಮದ್ಯ ಸೇವನೆ ಶೇ 43ರಷ್ಟು ಇಳಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿದೆ. ರಕ್ತದಲ್ಲೇ ಇರುವ ಗುಣ ಹದಿಮೂರು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ. ಅಲ್ಲದೆ ರಷ್ಯದ ಮನೆಮನೆಯ ನಿತ್ಯದ ಪಾನೀಯ ಚಹಾ. ಭಾವನವರ ಲೆಕ್ಕದಂತೆ ಅವರೂ ಇಂಗ್ಲಿಷರಷ್ಟೇ ತಣ್ಣಗಿರಬೇಕಿತ್ತು.

ನಮ್ಮಲ್ಲೂ ಕಾಫಿ, ಚಹಾ ತಾವಾಗಿಯೇ ಬರಲಿಲ್ಲ, ತರಲಾಯಿತು. ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬ ಐತಿಹ್ಯ 17ನೇ ಶತಮಾನದ್ದಾದರೂ, ಮಲೆನಾಡಿನ ಸಾಮಾನ್ಯ ಮನೆಗಳಲ್ಲಿ ಕಾಫಿ ದಿನಬಳಕೆಗೆ ಬಂದದ್ದು ಬಹಳ ಈಚೆಗೆ. ಚಹಾ ಪ್ರಚಾರಕ್ಕೆಂದೇ 1903ರಲ್ಲಿ ಸೆಸ್ ಹಾಕಿ, ಆ ಹಣದಲ್ಲಿ ರೈಲು ನಿಲ್ದಾಣಗಳಲ್ಲಿ, ಕಾರ್ಖಾನೆಗಳಲ್ಲಿ ಚಹಾ ಕುಡಿಸಿದರು. ಕಾಫಿಗೆ 1935ರಲ್ಲಿ ಸೆಸ್ ಬಂತು, ಮರುವರ್ಷದಿಂದ ಇಂಡಿಯಾ ಕಾಫಿ ಹೌಸ್‌ಗಳು ತೆರೆದವು. ಶಿವಮೊಗ್ಗ ಜಿಲ್ಲೆ ಈ ಎರಡರ ನಡುವೆ ಕೂತಿದೆ. ಶಿರಾಳಕೊಪ್ಪ ದಾಟಿ ಹಾವೇರಿ ಕಡೆ ಹೋದರೆ ಚಹಾ, ತೀರ್ಥಹಳ್ಳಿ ದಾಟಿ ಕೊಪ್ಪದ ಕಡೆ ಹೋದರೆ ಕಾಫಿ. ಈ ನೂರಿನ್ನೂರು ಕಿಲೋಮೀಟರಿನಲ್ಲಿ ಪಾನೀಯ ಬದಲಾಗುತ್ತದೆ. ಮುಂಗೋಪಿಗಳು, ತಾಳ್ಮೆಯವರು ಎರಡೂ ಕಡೆ ಸಿಗುತ್ತಾರೆ.

ಹಾಗಾದರೆ ಪಾನೀಯಕ್ಕೂ ಜನಜೀವನಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ದಿನಚರಿಯ ಮೂಲಕ ಬರುವ ಸಂಬಂಧ. ಯಾವ ಹೊತ್ತಿಗೆ ಕುಡಿಯುತ್ತೇವೆ, ಯಾರ ಜೊತೆ ಕೂರುತ್ತೇವೆ, ಎಷ್ಟು ಹೊತ್ತು ಕೂರುತ್ತೇವೆ ಎಂಬುದು ಮನೆಯ ನಡವಳಿಕೆಯನ್ನು ರೂಪಿಸುತ್ತದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ “ಆಸರಿಗೆ (ಕುಡಿಯಲು) ಏನು ಮಾಡಲಿ” ಎಂಬ ಮಾತು. ಅಲ್ಲಿ ಲೋಟದೊಳಗೆ ಕಾಫಿ ಇದ್ದರೂ ಒಂದೇ, ಕಷಾಯ, ಮಜ್ಜಿಗೆ ಇದ್ದರೂ ಒಂದೇ. ಕಷಾಯ ಬಿಟ್ಟು ಮಲೆನಾಡಿನವರ ತಾಳ್ಮೆ ಹೋಯಿತು ಎನ್ನುವವರು ಅದೇ ಕಾಲದಲ್ಲಿ ಇನ್ನೇನೇನು ಬದಲಾಯಿತು ಎಂದೂ ನೋಡಬೇಕು. ಮಕ್ಕಳು ಬೆಂಗಳೂರಿಗೆ ಹೋದರು, ಕೊನೆ ಕೊಯ್ಯಲು ಜನ ಸಿಗುತ್ತಿಲ್ಲ, ಕೊಳೆರೋಗ ಸಾಲದೆಂದು ಎಲೆಚುಕ್ಕಿ ರೋಗ ಬಂದಿದೆ, ವಯಸ್ಸಾದವರ ಹೆಗಲ ಮೇಲೆ ಇಡೀ ತೋಟ ಕೂತಿದೆ. ಇಷ್ಟೆಲ್ಲ ಹೊತ್ತವರ ಬೇಸರಕ್ಕೆ ಕಾಫಿ ಪುಡಿಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ.

ಬಿಸಿ ಕಾಫಿ ಲೋಟ ಕೈಯಲ್ಲಿದ್ದರೆ ಎದುರಿನವರು ಒಳ್ಳೆಯವರಾಗಿ ಕಾಣುತ್ತಾರೆ ಎಂಬ ಸಂಶೋಧನೆಯೂ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. 2008ರಲ್ಲಿ ಅಂಥ ಒಂದು ಪ್ರಯೋಗ ಪ್ರಕಟವಾದದ್ದು ನಿಜ. 2019ರಲ್ಲಿ ಹೆಚ್ಚು ಜನರ ಮೇಲೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಲೋಟ ನೋಡಿ ಗುಣ ಹೇಳುವ ಯಾವ ಮಾತನ್ನೂ ಸುಲಭಕ್ಕೆ ನಂಬಬೇಡಿ.

ಬೆಳಗಿನ ಸಿಟ್ಟು ಎಲ್ಲಿಂದ ಬರುತ್ತದೆ

ಈಗ ಮಾವನವರ ವಿಷಯ. ದಿನವಿಡೀ ಎಚ್ಚರವಾಗಿದ್ದಂತೆ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತ ಹೋಗುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೂತಾಗ ನಮಗೆ ಆಯಾಸ, ನಿದ್ದೆ ಬರುತ್ತದೆ. ಕೆಫೀನ್ ಆ ಜಾಗವನ್ನು ತಾನೇ ಹಿಡಿದು ಕೂರುತ್ತದೆ. ದಿನಾ ಕಾಫಿ ಕುಡಿಯುವವರ ಮಿದುಳು ಇದಕ್ಕೆ ಹೊಂದಿಕೊಂಡು ಅಂಥ ಜಾಗಗಳನ್ನು ಹೆಚ್ಚಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ಕೆಫೀನ್ ಇಳಿದು ಬೆಳಗಾಗುವಾಗ ಆ ಜಾಗಗಳೆಲ್ಲ ಖಾಲಿ, ಅಡೆನೊಸಿನ್‌ಗೆ ದಾರಿ ಸಲೀಸು. ತಲೆ ಭಾರ, ಮಂಕು, ಕಿರಿಕಿರಿ. ಮೊದಲ ಲೋಟ ಇಳಿದು ಅರ್ಧ ಗಂಟೆಯಲ್ಲಿ ಅದೆಲ್ಲ ಹೋಗುತ್ತದೆ.

ಅಂದರೆ ನೀವು ಬೆಳಿಗ್ಗೆ ಕಾಣುವ ಸಿಟ್ಟು ಕಾಫಿ ಕುಡಿದದ್ದರಿಂದ ಬಂದದ್ದಲ್ಲ, ಹನ್ನೆರಡು ಗಂಟೆ ಕುಡಿಯದೆ ಇದ್ದದ್ದರಿಂದ ಬಂದದ್ದು. ಪೂರ್ತಿ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಒಂದೆರಡು ದಿನಕ್ಕೆ ಜೋರಾಗಿ, ಎರಡರಿಂದ ಒಂಬತ್ತು ದಿನದಲ್ಲಿ ಇಳಿಯುತ್ತದೆ. ಅತ್ತೆಯವರು ಹತ್ತು ವರ್ಷದ ಹಿಂದೆ ಬಿಟ್ಟಾಗ ಅವರಿಗೂ ಬಹುಶಃ ಹೀಗಾಗಿರಬಹುದು, ಕೇಳಿ ನೋಡಿ. ಅವರ ಈಗಿನ ಸಮಾಧಾನ ಕಷಾಯದ ಕೊಡುಗೆ ಎನ್ನುವುದಕ್ಕಿಂತ ಅವರ ಸ್ವಂತದ್ದು ಎನ್ನುವುದು ಸರಿ. ಕಷಾಯದಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಈ ಏರಿಳಿತ ಅವರಿಗಿಲ್ಲ, ಅಷ್ಟೇ.

ಎರಡನೆಯ ಕಾರಣ ನಿದ್ದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದನ್ನು 2013ರ ಒಂದು ಅಧ್ಯಯನ ತೋರಿಸಿದೆ. ನಿದ್ದೆ ಕೆಟ್ಟವರು ಮರುದಿನ ಇನ್ನೊಂದು ಲೋಟ ಹೆಚ್ಚು ಕುಡಿಯುತ್ತಾರೆ, ಅದು ಮತ್ತೆ ರಾತ್ರಿಯ ನಿದ್ದೆ ಕೆಡಿಸುತ್ತದೆ. ಜೊತೆಗೆ ವಯಸ್ಸಾದವರು ಸಂಜೆಯ ಕಾಫಿಯಿಂದ ರಾತ್ರಿ ಮೂತ್ರಕ್ಕೆ ಏಳುವುದೂ ಹೆಚ್ಚುತ್ತದೆ. ಕೆಲವರ ಮೈ ಕೆಫೀನನ್ನು ಬೇಗ ಕರಗಿಸುತ್ತದೆ, ಕೆಲವರದು ನಿಧಾನ. ಇದು ಹುಟ್ಟಿನಿಂದ ಬರುವ ವ್ಯತ್ಯಾಸ. ಒಂದೇ ಮನೆಯಲ್ಲಿ ಒಬ್ಬರು ಊಟವಾದ ಮೇಲೆ ಕಾಫಿ ಕುಡಿದು ಗೊರಕೆ ಹೊಡೆಯುವುದು, ಇನ್ನೊಬ್ಬರು ನಾಲ್ಕು ಗಂಟೆಯ ಕಾಫಿಗೇ ನಿದ್ದೆಗೆಡುವುದು ಇದರಿಂದ.

ನಿಮ್ಮ ಡಬ್ಬಿಯ ಲೆಕ್ಕ

ಪರಿಹಾರದ ಅರ್ಧ ಭಾಗ ನಿಮ್ಮ ಪುಡಿಯ ಡಬ್ಬಿಯಲ್ಲೇ ಇದೆ. 40 ಗ್ರಾಂ ಪುಡಿಯಲ್ಲಿ ಶೇ 30 ಚಿಕೋರಿ ಎಂದರೆ 12 ಗ್ರಾಂ ಹೋಯಿತು, ಉಳಿದದ್ದು 28 ಗ್ರಾಂ ಕಾಫಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ರೋಬಸ್ಟಾದಲ್ಲಿ ಸುಮಾರು ಶೇ 2 ಕೆಫೀನ್ ಇರುತ್ತದೆ, ಹಾಗಾಗಿ 28 ಗ್ರಾಂನಲ್ಲಿ 560 ಮಿಲಿಗ್ರಾಂ. ಫಿಲ್ಟರಿನಲ್ಲಿ ಇಳಿಯುವುದು ಹತ್ತರಲ್ಲಿ ಎಂಟು ಪಾಲು ಎಂದು ಹಿಡಿದರೆ ಸುಮಾರು 450. ಆರು ಲೋಟಕ್ಕೆ ಹಂಚಿದರೆ ಲೋಟಕ್ಕೆ 75. ಮಾವನವರು ದಿನಕ್ಕೆ ಆರು ಕುಡಿದರೆ ಇಡೀ 450 ಅವರ ಹೊಟ್ಟೆಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂದಿದೆ. ಯುರೋಪಿನ ಮಿತಿ ಆರೋಗ್ಯವಂತ ವಯಸ್ಕರಿಗೆ 400. ಎರಡನ್ನೂ ಅವರು ದಾಟಿದ್ದಾರೆ.

ಅದೇ 28 ಗ್ರಾಂ ಅರೇಬಿಕಾ ಆಗಿದ್ದರೆ? ಅದರಲ್ಲಿ ಕೆಫೀನ್ ಸುಮಾರು ಶೇ 1.2. ಒಟ್ಟು 336, ಇಳಿಯುವುದು 270 ಆಸುಪಾಸು, ಲೋಟಕ್ಕೆ 45. ಲೋಟದ ಸಂಖ್ಯೆ ಒಂದೂ ಕಡಿಮೆಯಾಗದೆ ಮಾವನವರು 300ರ ಒಳಗೆ ಬಂದರು. ನಾನು ಮೊದಲು ಹೇಳುವ ದಾರಿ ಇದೇ, ಯಾಕೆಂದರೆ ವಯಸ್ಸಾದವರಿಗೆ ಕಾಫಿಯಷ್ಟೇ ಮುಖ್ಯ ಆ ಆರು ಹೊತ್ತುಗಳು. ಜಗಲಿಗೆ ಲೋಟ ಬರಬೇಕು, ಪಕ್ಕದಲ್ಲಿ ಯಾರಾದರೂ ಕೂರಬೇಕು. ಲೋಟ ಕಿತ್ತುಕೊಂಡರೆ ಅದೂ ಹೋಗುತ್ತದೆ.

ಮಾಡುವ ಕ್ರಮ ಹೀಗೆ. ಮೊದಲ ಐದು ದಿನ ರೋಬಸ್ಟಾ ಮೂರು ಪಾಲಿಗೆ ಅರೇಬಿಕಾ ಒಂದು ಪಾಲು. ಮುಂದಿನ ಐದು ದಿನ ಸಮ ಸಮ. ಆಮೇಲೆ ಐದು ದಿನ ಒಂದಕ್ಕೆ ಮೂರು. ಹದಿನಾರನೇ ದಿನದಿಂದ ಪೂರ್ತಿ ಅರೇಬಿಕಾ. ಕೆಫೀನ್ 450ರಿಂದ 405, 360, 315, 270 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ತಲೆನೋವು ಬರುವುದಿಲ್ಲ ಅಥವಾ ಬಂದರೂ ತಡೆಯುವಷ್ಟಿರುತ್ತದೆ. ಯಾವುದಾದರೂ ಮೆಟ್ಟಿಲಲ್ಲಿ ತಲೆನೋವು ಬಂದರೆ ಅಲ್ಲೇ ಇನ್ನೂ ಮೂರು ದಿನ ನಿಲ್ಲಿ. ಚಿಕೋರಿ ಈ ಇಪ್ಪತ್ತು ದಿನ ಮೂವತ್ತರಲ್ಲೇ ಇರಲಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ. ‘ಪ್ಲಾಂಟೇಷನ್ ಎ’ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ. ‘ಪೀಬೆರಿ’ ಎಂದರೆ ಕಾಯಿಯೊಳಗೆ ಎರಡರ ಬದಲು ಒಂದೇ ಉರುಟು ಬೀಜ ಇರುವುದು, ಅದು ಅರೇಬಿಕಾದಲ್ಲೂ ಸಿಗುತ್ತದೆ, ರೋಬಸ್ಟಾದಲ್ಲೂ ಸಿಗುತ್ತದೆ. ‘ಚೆರಿ’ ಎಂದರೆ ಹಣ್ಣನ್ನೇ ಒಣಗಿಸಿದ್ದು, ಅದೂ ಎರಡರಲ್ಲಿ ಯಾವುದೂ ಆಗಬಹುದು. ಆದ್ದರಿಂದ ಗ್ರೇಡಿನ ಹೆಸರು ಕೇಳಿ ಸುಮ್ಮನಾಗದೆ ಅರೇಬಿಕಾವೋ ರೋಬಸ್ಟಾವೋ ಎಂದೇ ಕೇಳಿ. ಕಪ್ಪಗೆ ಹುರಿದರೆ ಕೆಫೀನ್ ಹೆಚ್ಚು ಎಂಬ ನಂಬಿಕೆ ಇದೆ. ಹುರಿಯುವುದರಿಂದ ಕೆಫೀನ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಹೆಚ್ಚುವುದು ಕಹಿ. ಕಟ್ಟಿದ ಪುಡಿಯಾದರೆ ಚೀಟಿಯ ಮೇಲೆ ಚಿಕೋರಿ ಎಷ್ಟು ಎಂದು ಬರೆದಿರಲೇಬೇಕು, ಕಾನೂನಿನ ಪ್ರಕಾರ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಬಿಡಿ ಪುಡಿಯ ಮೇಲೆ ಅನುಮಾನವಿದ್ದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಅರ್ಧ ಚಮಚ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ಕೆಲವೇ ಕ್ಷಣದಲ್ಲಿ ತಳ ಸೇರುತ್ತದೆ.

ಅರೇಬಿಕಾಕ್ಕೆ ಬಂದ ಮನೆಗಳಲ್ಲಿ ಬರುವ ಮೊದಲ ದೂರು “ನೀರು ನೀರು” ಎಂಬುದು. ರೋಬಸ್ಟಾದ ಗಟ್ಟಿತನ, ಕಹಿ ಇದರಲ್ಲಿಲ್ಲ, ಸ್ವಲ್ಪ ಹುಳಿ ಮುಂದೆ ಬರುತ್ತದೆ. ಮಧ್ಯಮಕ್ಕಿಂತ ಒಂದು ಹದ ಹೆಚ್ಚು ಹುರಿಸಿದರೆ ಹುಳಿ ತಗ್ಗುತ್ತದೆ. ಡಿಕಾಕ್ಷನ್ ಇಳಿಸುವಾಗ ಕುದಿಯುವ ನೀರನ್ನು ಒಲೆಯಿಂದ ತೆಗೆದು ಅರ್ಧ ನಿಮಿಷ ಬಿಡಿ. ಪುಡಿಯನ್ನು ಬಿಲ್ಲೆಯಿಂದ ಮಟ್ಟ ಮಾಡುವಷ್ಟೇ ಒತ್ತಿ. ಎರಡು ಚಮಚ ನೀರು ಸುತ್ತ ಹನಿಸಿ ಪುಡಿ ಉಬ್ಬುವವರೆಗೆ ಅರ್ಧ ನಿಮಿಷ ಕಾದು, ಉಳಿದ ನೀರು ಸುರಿಯಿರಿ. ಇಳಿಯಲು ಹದಿನೈದರಿಂದ ಇಪ್ಪತ್ತು ನಿಮಿಷ ಸರಿ. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪ. ಗಂಟೆಯಾದರೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ, ಒತ್ತಿದ್ದು ಹೆಚ್ಚಾಗಿದೆ ಅಥವಾ ಚಿಕೋರಿ ಅಂಟಾಗಿ ತೂತು ಮುಚ್ಚಿದೆ. ಅಂಥ ಫಿಲ್ಟರಿನ ಮೇಲಿನ ಪಾತ್ರೆಯ ತಳವನ್ನು ಗ್ಯಾಸಿನ ಸಣ್ಣ ಉರಿಗೆ ಹಿಡಿದು ತೂತಿನೊಳಗಿನ ಚರಟ ಸುಟ್ಟು, ಒಣ ಬ್ರಷ್‌ನಿಂದ ತಟ್ಟಿ ತೆಗೆಯಿರಿ. ಪುಡಿಯನ್ನು ನೀರಿನಲ್ಲೇ ಕುದಿಸಿ ಸೋಸದೆ ಕುಡಿಯುವ ಅಭ್ಯಾಸ ಇದ್ದರೆ ಬಿಡಿ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಹಾಗೆಯೇ ಹೊಟ್ಟೆಗೆ ಹೋಗಿ ಕೊಲೆಸ್ಟರಾಲ್ ಏರಿಸುತ್ತದೆ.

ಚಹಾ ಆಗಬಹುದೇ, ಕಷಾಯ ಆಗಬಹುದೇ

ಚಹಾದಲ್ಲಿ ಲೋಟಕ್ಕೆ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಸೊಪ್ಪು ಎಷ್ಟು, ಎಷ್ಟು ಹೊತ್ತು ಕುದಿಸಿದಿರಿ ಎಂಬುದರ ಮೇಲೆ ಅದು ಹೋಗುತ್ತದೆ. ಚಹಾದಲ್ಲಿರುವ ಥಿಯನೀನ್ ಎಂಬ ವಸ್ತು ಕೆಫೀನಿನ ಚುರುಕನ್ನು ಸ್ವಲ್ಪ ಮೃದು ಮಾಡುತ್ತದೆ ಎನ್ನುತ್ತಾರೆ, ಆದರೆ ಒಂದು ಲೋಟದಲ್ಲಿರುವ ಪ್ರಮಾಣ ಸಣ್ಣದು. ಅದರ ಮೇಲೆ ಇಡೀ ಇಂಗ್ಲೆಂಡಿನ ತಾಳ್ಮೆಯನ್ನು ಕಟ್ಟಲಾಗದು. ಚಹಾದ ದೊಡ್ಡ ತೊಂದರೆ ಬೇರೆ: ಅದರ ಟ್ಯಾನಿನ್ ಸೊಪ್ಪು ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮೊದಲೇ ಹೆಚ್ಚು. ತಿಂಡಿ, ಊಟದ ಜೊತೆ ಚಹಾ ಕಾಫಿ ಎರಡೂ ಬೇಡ, ಹಿಂದೆ ಮುಂದೆ ಒಂದು ಗಂಟೆ ಬಿಡುವಿರಲಿ. ಸಿಟ್ಟು ಇಳಿಸಲೆಂದು ಮಾತ್ರ ಕಾಫಿಯಿಂದ ಚಹಾಕ್ಕೆ ಹೋಗುವುದರಲ್ಲಿ ದೊಡ್ಡ ಲಾಭವಿಲ್ಲ.

ಕಷಾಯವನ್ನು ಸಂಜೆಯ ಹೊತ್ತಿಗೆ ತನ್ನಿ, ಅದು ಅದಕ್ಕೆ ತಕ್ಕ ಜಾಗ. 200 ಗ್ರಾಂ ಕೊತ್ತಂಬರಿ ಬೀಜ, 50 ಗ್ರಾಂ ಜೀರಿಗೆ, ತಲಾ 10 ಗ್ರಾಂ ಕಾಳುಮೆಣಸು ಮತ್ತು ಒಣಶುಂಠಿ, 5 ಗ್ರಾಂ ಮೆಂತ್ಯ, ಏಳೆಂಟು ಏಲಕ್ಕಿ. ಶುಂಠಿ, ಏಲಕ್ಕಿ ಬಿಟ್ಟು ಉಳಿದದ್ದನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಾದ ಕೂಡಲೇ ತೆಗೆಯಿರಿ, ಕಪ್ಪಾದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಬಿಸಿಯಿದ್ದಾಗ ಮಾಡಿದರೆ ಬೆವತು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೇಕಾದಷ್ಟು ಬೆಲ್ಲ, ಮೂರು ನಾಲ್ಕು ನಿಮಿಷ ಕುದಿ. ಹಾಲನ್ನು ಬೇರೆಯಾಗಿ ಕಾಯಿಸಿಟ್ಟು, ಒಲೆ ಆರಿಸಿದ ಮೇಲೆ ಸೇರಿಸಿ. ಬೆಲ್ಲದಲ್ಲಿ ಹುಳಿಯ ಅಂಶ ಇರುವುದರಿಂದ ಒಟ್ಟಿಗೆ ಕುದಿಸಿದರೆ ಹಾಲು ಒಡೆಯುತ್ತದೆ, ಹಳೇ ಜೋನಿ ಬೆಲ್ಲವಾದರೆ ಇನ್ನೂ ಬೇಗ.

ಕಷಾಯ ಎಂದ ಮಾತ್ರಕ್ಕೆ ನಿರಪಾಯ ಎಂದುಕೊಳ್ಳಬೇಡಿ. ಮೆಣಸು ಶುಂಠಿ ಹೆಚ್ಚಾದರೆ ಎದೆಯುರಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ. ಮುಖ್ಯವಾದದ್ದು ಜ್ಯೇಷ್ಠಮಧು: ಗಂಟಲಿಗೆ ಒಳ್ಳೆಯದೆಂದು ಹಲವರು ಪುಡಿಗೆ ಸೇರಿಸುತ್ತಾರೆ. ದಿನಾ ತೆಗೆದುಕೊಂಡರೆ ಅದು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇರುವ ಮಾವನವರಿಗೂ ಬಸುರಿಯಾಗಿರುವ ನಾದಿನಿಗೂ ಅದು ಬೇಡವೇ ಬೇಡ. ಅತ್ತೆಯವರ ಪುಡಿಯಲ್ಲಿ ಅದಿದೆಯೇ ಎಂದು ಇವತ್ತೇ ಕೇಳಿಕೊಳ್ಳಿ.

ನಾದಿನಿ, ಮಗ, ಮಾವ

ನಾದಿನಿಗೆ ಎಲ್ಲ ಮೂಲದಿಂದ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟದಿರಲಿ. ಬಸುರಿಯಲ್ಲಿ ಕೆಫೀನ್ ಮೈಯಿಂದ ಇಳಿಯುವುದು ಬಹಳ ನಿಧಾನ, ಕೊನೆಯ ತಿಂಗಳುಗಳಲ್ಲಿ ಅರ್ಧಕ್ಕೆ ಬರಲು ಹದಿನೈದು ಗಂಟೆಯವರೆಗೂ ಹಿಡಿಯಬಹುದು. ನಿಮ್ಮ ಈಗಿನ ಪುಡಿಯಲ್ಲಿ ಎರಡು ಲೋಟ ಸಾಕು, ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಅದೂ ಬೇಡ. ಮನೆಯಲ್ಲಿ ಯಾರಾದರೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಖಾಲಿ ಹೊಟ್ಟೆಗೆ ನೀರಿನ ಜೊತೆ ಹೋಗಬೇಕು, ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು.

ಮಗನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಮಕ್ಕಳಿಗೆ, ಹದಿಹರೆಯದವರಿಗೆ ಮಿತಿ ಮೈತೂಕದ ಕಿಲೋಗೆ 3 ಮಿಲಿಗ್ರಾಂ. 55 ಕಿಲೋ ಇದ್ದರೆ 165, ಅಂದರೆ ಎರಡು ಲೋಟ. ಅದನ್ನು ಮಧ್ಯಾಹ್ನ ಮೂರರೊಳಗೆ ಕುಡಿಯಲಿ. ರಾತ್ರಿ ಹತ್ತಕ್ಕೆ ಕುಡಿದು ಎರಡರವರೆಗೆ ಓದಿದರೆ ಪುಟ ತಿರುಗುತ್ತದೆ, ಆದರೆ ಓದಿದ್ದು ತಲೆಯಲ್ಲಿ ನೆಲೆ ನಿಲ್ಲುವುದು ನಿದ್ದೆಯಲ್ಲಿ. ಆ ನಿದ್ದೆಯೇ ಹೋದರೆ ಬೆಳಿಗ್ಗೆ ಮತ್ತೆ ಮೊದಲ ಪುಟದಿಂದ. ಹಾಸ್ಟೆಲ್ಲಿನ ಹುಡುಗರು ಕುಡಿಯುವ ಎನರ್ಜಿ ಡ್ರಿಂಕಿನ 250 ಮಿಲಿಲೀಟರ್ ಡಬ್ಬಿಯಲ್ಲಿ ಸುಮಾರು 75 ಮಿಲಿಗ್ರಾಂ ಕೆಫೀನ್, ಮೇಲೆ ರಾಶಿ ಸಕ್ಕರೆ ಇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಅಲ್ಲ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಅದೂ ಲೆಕ್ಕಕ್ಕೆ ಸೇರಬೇಕು ಎಂದು ಅವನಿಗೆ ಹೇಳಿ.

ಅಡಿಕೆ ಸುಲಿತದ ದಿನಗಳಲ್ಲಿ ರಾತ್ರಿ ಒಂಬತ್ತು ಹತ್ತಕ್ಕೆ ಎಲ್ಲರಿಗೂ ಒಂದು ಸುತ್ತು ಕಾಫಿ ಹೋಗುತ್ತದಲ್ಲ, ಸುಲಿಯುವವರಿಗೆ ಕತ್ತಿಯ ಮುಂದೆ ತೂಕಡಿಕೆ ಬರಬಾರದು, ಅದನ್ನು ತಪ್ಪಿಸಬೇಡಿ. ಸುಮ್ಮನೆ ಜೊತೆಗೆ ಕೂತ ಮಾವನವರ ಲೋಟಕ್ಕೆ ಮಾತ್ರ ಕಷಾಯ ಬರಲಿ, ಅತ್ತೆಯವರ ಜೊತೆಗೆ. ಇಪ್ಪತ್ತು ದಿನದ ಕ್ರಮ ಮುಗಿದ ಮೇಲೆ ಸಂಜೆ ನಾಲ್ಕರ ನಂತರದ ಲೋಟಗಳನ್ನೂ ಒಂದೊಂದಾಗಿ ಹೀಗೇ ಬದಲಿಸಬಹುದು. ಕವಳ (ಎಲೆ ಅಡಿಕೆ), ಹೊಗೆಸೊಪ್ಪಿನ ಅಭ್ಯಾಸ ಇದ್ದರೆ ವೈದ್ಯರಿಗೆ ಅದನ್ನೂ ತಿಳಿಸಿ. ಬೀಡಿ ಸಿಗರೇಟು ಸೇದುವವರಲ್ಲಿ ಕೆಫೀನ್ ಬೇಗ ಕರಗುತ್ತದೆ. ಸೇದುವುದನ್ನು ಬಿಟ್ಟ ವಾರದಲ್ಲಿ ಅಷ್ಟೇ ಕಾಫಿ ಕುಡಿದರೂ ಎದೆ ಡವಗುಟ್ಟಬಹುದು.

ಇಷ್ಟು ಮಾಡಿ ಒಂದು ತಿಂಗಳಾದ ಮೇಲೂ ಬೆಳಗಿನ ಸಿಟ್ಟು ಹಾಗೇ ಇದ್ದರೆ ಕಾರಣ ಬೇರೆಡೆ ಹುಡುಕಬೇಕು. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವ ಪ್ರಾಸ್ಟೇಟ್ ತೊಂದರೆ, ಗೊರಕೆಯಲ್ಲಿ ಉಸಿರು ಕಟ್ಟುವುದು, ಮಂಡಿನೋವು, ಕಿವಿ ಮಂದವಾಗಿರುವುದು, ಖಿನ್ನತೆ ಇವೆಲ್ಲ ಈ ವಯಸ್ಸಿನಲ್ಲಿ ಸಿಟ್ಟಿನ ರೂಪದಲ್ಲೇ ಹೊರಬರುತ್ತವೆ. ಎದೆಬಡಿತ ತಪ್ಪುವುದು, ಎದೆನೋವು, ತಲೆಸುತ್ತು ಕಂಡರೆ ತಿಂಗಳು ಕಾಯಬೇಡಿ. ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ವಾರ ಕಾಫಿಯ ಹೊತ್ತು, ಮಲಗಿದ ಮತ್ತು ಎದ್ದ ಹೊತ್ತು, ಕಾಫಿಗೆ ಮೊದಲು ನೋಡಿದ ಬಿಪಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯ ಜೊತೆ ತೆಗೆದುಕೊಂಡು ಹೋಗಿ.